ಬಿಡುವಿಲ್ಲದ ದಿನಚರಿಯಲ್ಲಿ ದೇಹಾರೋಗ್ಯ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ನಮ್ಮವರ ಯಾವ ಮನೆಗೆ ಹೋದರೂ ಈಗ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಒಂದು, ‘ಪುರುಸೊತ್ತೇ ಇಲ್ಲ’ ಎಂಬುದು. ಇನ್ನೊಂದು, ‘ಸಕ್ಕರೆ ಬಂದಿದೆ, ಬಿ.ಪಿ. ಇದೆ ಎಂದರು’ ಎಂಬುದು. ಮನೆಯ ಯಜಮಾನರು ಬೆಳಗಿನ ಬಸ್ಸು ಹಿಡಿದು ಕಚೇರಿಗೋ ಶಾಲೆಗೋ ಹೋಗಬೇಕು, ಸೊಸೆಯೂ ಉದ್ಯೋಗಸ್ಥೆ, ಮಕ್ಕಳಿಗೆ ಪಾಠಪ್ರವಚನ, ಮನೆಯಲ್ಲಿ ದೇವರ ಪೂಜೆ, ಮಡಿ, ನೈವೇದ್ಯ, ಇವುಗಳ ನಡುವೆ ಮಠದಲ್ಲಿ ಆರಾಧನೆ, ಪವಮಾನ ಹೋಮ, ಸಂತರ್ಪಣೆ. ಇಷ್ಟರಲ್ಲಿ ದೇಹವನ್ನು ನೋಡಿಕೊಳ್ಳಲು ವೇಳೆ ಎಲ್ಲಿಂದ ತರುವುದು ಎಂದು ಕೇಳುವವರೇ ಬಹುಮಂದಿ.

ಈ ಪ್ರಶ್ನೆಯನ್ನು ಹಗುರವಾಗಿ ಭಾವಿಸತಕ್ಕದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವೂ, 35.5 ಮಂದಿಗೆ ಅಧಿಕ ರಕ್ತದೊತ್ತಡವೂ ಇರುವುದನ್ನು ತಿಳಿಸಿದೆ. ಕುಳಿತು ಮಾಡುವ ಕೆಲಸ, ಅನ್ನವೇ ಮುಖ್ಯವಾದ ಊಟ, ಹಬ್ಬಹಬ್ಬಕ್ಕೂ ಸಿಹಿ, ಇವೆಲ್ಲ ನಮ್ಮ ಮನೆಗಳಲ್ಲಿ ಒಟ್ಟಿಗೇ ಸೇರಿವೆಯಾದ್ದರಿಂದ ನಾವು ಈ ಲೆಕ್ಕದಿಂದ ಹೊರಗುಳಿಯುತ್ತೇವೆಂದು ನಂಬಲು ಕಾರಣವಿಲ್ಲ.

ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಆಹಾರ, ವಿಹಾರ, ಕರ್ಮ, ನಿದ್ರೆ, ಎಚ್ಚರ ಈ ಎಲ್ಲವೂ ತಕ್ಕ ಪ್ರಮಾಣದಲ್ಲಿರಬೇಕೆಂದು ಅರ್ಜುನನಿಗೆ ತಿಳಿಸುತ್ತಾನೆ. ಅತಿಯಾಗಿ ಉಣ್ಣುವವನಂತೆಯೇ ಏನೂ ಉಣ್ಣದವನಿಗೂ, ಅತಿಯಾಗಿ ಮಲಗುವವನಂತೆಯೇ ನಿದ್ರೆಗೆಡುವವನಿಗೂ ಯೋಗ ಸಿದ್ಧಿಸದೆಂಬುದು ಅಲ್ಲಿನ ತಾತ್ಪರ್ಯ. ಇದನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆದರೆ ಹೆಚ್ಚಿನವರು ಪ್ರಮಾಣ ಎಂದರೆ ಕೇವಲ ಅಳತೆ ಎಂದು ತಿಳಿಯುತ್ತಾರೆ. ಪ್ರಮಾಣದಲ್ಲಿ ಹೊತ್ತೂ ಸೇರಿದೆ ಎಂಬುದು ನನ್ನ ತಿಳುವಳಿಕೆ. ನಮ್ಮ ದಿನದಲ್ಲಿ ಅರುಣೋದಯಕ್ಕೆ ಏಳುವುದು, ಸ್ನಾನ, ಮೂರು ಹೊತ್ತಿನ ಸಂಧ್ಯಾವಂದನೆ ಇವುಗಳಿಗೆ ಕಾಲವನ್ನು ಹಿರಿಯರು ಗೊತ್ತುಮಾಡಿಯೇ ಇಟ್ಟಿದ್ದಾರೆ. ಇಂದು ತಪ್ಪಿಹೋಗಿರುವುದು ಊಟದ ಹೊತ್ತು ಮತ್ತು ನಿದ್ರೆಯ ಹೊತ್ತು. ಬಿಡುವಿಲ್ಲದವನಿಗೆ ಹೊಸ ವೇಳೆಯನ್ನು ಹುಡುಕಿಕೊಡುವುದು ಅಸಾಧ್ಯ. ಇರುವ ಹೊತ್ತನ್ನು ಕಾಯ್ದುಕೊಳ್ಳುವುದು ಸಾಧ್ಯ.

ಮೊದಲು ಮನೆಯ ಹೆಣ್ಣುಮಕ್ಕಳ ಊಟದ ವಿಷಯವನ್ನೇ ನೋಡೋಣ. ಬೆಳಿಗ್ಗೆ ಐದಕ್ಕೆ ಎದ್ದು, ಮಡಿಯುಟ್ಟು ಅಡಿಗೆ ಮಾಡಿ, ದೇವರ ಪೂಜೆ ನೈವೇದ್ಯವಾಗಿ, ಗಂಡಸರಿಗೂ ಮಕ್ಕಳಿಗೂ ಬಡಿಸಿ, ಮುಸುರೆ ಬಳಿದು ತಾವು ಎಲೆಯ ಮುಂದೆ ಕೂಡುವಾಗ ಅಪರಾಹ್ಣ ಎರಡು ಗಂಟೆಯಾಗುವ ಮನೆಗಳು ಈಗಲೂ ಉಂಟು. ಅಷ್ಟರವರೆಗೆ ಹಸಿವನ್ನು ತಡೆಯುವುದು ಮೂರು ಲೋಟ ಕಾಫಿ. ಲೋಟಕ್ಕೆ ಎರಡು ಚಮಚ ಸಕ್ಕರೆ. ಉದ್ಯೋಗಕ್ಕೆ ಹೋಗುವ ಸೊಸೆಯಾದರೆ ಅದೂ ಇಲ್ಲ. ಡಬ್ಬಿಯಲ್ಲಿ ಮೊಸರನ್ನ ಕಟ್ಟಿಕೊಂಡು ಓಡುವಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಆಯಾಸ, ತಲೆ ಸುತ್ತು, ಇವನ್ನು ‘ಕೆಲಸ ಹೆಚ್ಚಾಯಿತು’ ಎಂದು ತಳ್ಳಿಹಾಕುವುದು ವಾಡಿಕೆ. ಅದು ಕೆಲಸದ ಆಯಾಸವಲ್ಲದೆಯೂ ಇರಬಹುದು. ಒಂದು ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ. ಊಟದ ಜೊತೆಗೇ ಅಥವಾ ಊಟವಾದೊಡನೆ ಕಾಫಿ ಕುಡಿದರೆ ಸೊಪ್ಪು ಬೇಳೆಗಳಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಹಿಡಿಯುವುದು ಕಡಮೆಯಾಗುತ್ತದೆ. ಕಾಫಿಯನ್ನು ಬಿಡಿ ಎಂದರೆ ನಮ್ಮವರಲ್ಲಿ ಯಾರೂ ಕೇಳರು. ಊಟಕ್ಕೂ ಕಾಫಿಗೂ ಒಂದು ಗಂಟೆಯ ಅಂತರವಿರಲಿ ಎಂದರೆ ಕೇಳಿಯಾರು.

ಬೆಳಿಗ್ಗೆ ಬೇಗ ನೈವೇದ್ಯ ಮುಗಿಸಿ ಊಟ ಮಾಡುವುದು ನಮ್ಮಿಂದಾಗದು ಎಂದು ಹೇಳುವವರು ದ್ವಾದಶಿಯ ದಿನವನ್ನು ನೆನಪಿಗೆ ತಂದುಕೊಳ್ಳಬೇಕು. ಅಲ್ಪದ್ವಾದಶಿ ಬಂದಾಗ ಪಂಚಾಂಗ ನೋಡಿ, ನಾಲ್ಕಕ್ಕೇ ಎದ್ದು, ಪೂಜೆ ನೈವೇದ್ಯಗಳನ್ನು ಮುಗಿಸಿ, ಸೂರ್ಯೋದಯವಾಗುತ್ತಲೇ ಮನೆಯವರೆಲ್ಲ ಒಟ್ಟಿಗೆ ಕುಳಿತು ಪಾರಣೆ ಮಾಡುತ್ತೇವೆ. ಅಂದು ಮನೆಯೊಡತಿಯೂ ಕೂಡಲೇ ಊಟಕ್ಕೆ ಕೂಡುತ್ತಾಳೆ. ತಿಥಿ ಮೀರಬಾರದೆಂಬ ಭಯವಿದೆ. ಧನುರ್ಮಾಸದಲ್ಲಿಯೂ ಹಾಗೆಯೇ. ಬೆಳಕು ಹರಿಯುವ ಮೊದಲೇ ಪೂಜೆಯಾಗಿ, ಹೆಸರುಬೇಳೆ, ಮೆಣಸು, ಶುಂಠಿ ಸೇರಿದ ಹುಗ್ಗಿಯ ನೈವೇದ್ಯವಾಗಿ, ಎಲ್ಲರೂ ಬಿಸಿಯಾಗಿ ಉಂಡು ಕೆಲಸಕ್ಕೆ ಹೊರಡುತ್ತಾರೆ. ಪೂಜೆಯನ್ನೂ ಬಿಡದೆ, ಹೊತ್ತನ್ನೂ ಮೀರದೆ ಇರುವ ಕ್ರಮ ನಮ್ಮ ಮನೆಗಳಿಗೆ ಹೊಸದಲ್ಲ. ಹುಗ್ಗಿಯೊಂದಕ್ಕೆ ಅರ್ಧ ಗಂಟೆ ಸಾಕಾದರೆ, ದಿನವೂ ನಾಲ್ಕು ಬಗೆಯ ಅಡಿಗೆ ಆಗಲೇಬೇಕೆಂಬ ಹಟವೇಕೆ? ಅನ್ನ, ತೊವ್ವೆ, ಒಂದು ಪಲ್ಯ, ಮಜ್ಜಿಗೆ ಇವಿಷ್ಟರಿಂದ ನೈವೇದ್ಯಕ್ಕೂ ಕೊರತೆಯಿಲ್ಲ, ದೇಹಕ್ಕೂ ಕೊರತೆಯಿಲ್ಲ. ಅತ್ತೆಯವರೂ ಸೊಸೆಯೂ ಕೂಡಿ ಈ ಒಂದು ಏರ್ಪಾಡು ಮಾಡಿಕೊಂಡರೆ ಮನೆಯ ಹೆಂಗಸರ ಊಟ ಹತ್ತು ಗಂಟೆಗೆ ಮುಗಿಯುತ್ತದೆ. ಗಂಡಸರು ತಮ್ಮ ಎಲೆಯನ್ನು ತಾವೇ ತೆಗೆದು, ಎಂಜಲು ಬಳಿದು, ದೇವರ ಪಾತ್ರೆಗಳನ್ನು ಬೆಳಗಿಕೊಟ್ಟರೆ ಇನ್ನೂ ಅರ್ಧ ಗಂಟೆ ಉಳಿಯುತ್ತದೆ. ಇದನ್ನು ಬರೆದುದಕ್ಕೆ ಕೆಲವರು ಮುನಿಯಬಹುದು.

ಮನೆಯ ಮಾತು ಹೀಗಾಯಿತು. ದೇವಸ್ಥಾನದ ಮಾತನ್ನೂ ಹೇಳಬೇಕು. ಅರ್ಚಕರ ಮನೆಯಲ್ಲಿ ಹುಟ್ಟಿದ್ದರಿಂದ ಇದನ್ನು ನಾನು ಹತ್ತಿರದಿಂದ ಬಲ್ಲೆ. ನಮ್ಮ ತಂದೆಯವರು ನಾಲ್ಕೂವರೆಗೆ ಎದ್ದವರು ತೀರ್ಥವಲ್ಲದೆ ಬೇರೇನನ್ನೂ ಮುಟ್ಟದೆ ಅಭಿಷೇಕ, ಅಲಂಕಾರ, ಮಹಾಮಂಗಳಾರತಿಗಳನ್ನು ಮುಗಿಸಿ ಊಟಕ್ಕೆ ಕೂಡುವಾಗ ಒಂದೂವರೆ. ಆರಾಧನೆಯ ಮೂರು ದಿನಗಳಲ್ಲಿ ಮೂರು ಗಂಟೆ. ಅಷ್ಟು ಹೊತ್ತು ಹಸಿದವನ ಎಲೆಗೆ ಹೋಳಿಗೆ, ಪಾಯಸ, ಚಿತ್ರಾನ್ನ ಬಿದ್ದರೆ ಅವನು ಎಷ್ಟು ಉಂಡಾನೆಂದು ಹೇಳಬೇಕಾಗಿಲ್ಲ. ಬಡಿಸುವವರ ಒತ್ತಾಯ ಬೇರೆ. ಆಮೇಲೆ ಸಂಜೆಯ ಪೂಜೆ, ರಥೋತ್ಸವ, ತೊಟ್ಟಿಲು ಸೇವೆ. ರಾತ್ರಿ ಹತ್ತಕ್ಕೆ ಮತ್ತೆ ಫಲಾಹಾರ. ಹೀಗೆ ವರ್ಷಗಟ್ಟಲೆ ನಡೆದರೆ ದೇಹ ಎಷ್ಟು ತಾಳೀತು? ಅರ್ಚಕರಲ್ಲಿಯೂ ಪುರೋಹಿತರಲ್ಲಿಯೂ ಮಧುಮೇಹ, ಮೂಲವ್ಯಾಧಿ, ಮಂಡಿನೋವುಗಳನ್ನು ಕಂಡು ಆಶ್ಚರ್ಯಪಡಬೇಕಾದುದಿಲ್ಲ.

ಇದರಲ್ಲಿ ಭಕ್ತರ ಪಾಲೂ ಉಂಟು. ಅಭಿಷೇಕ ಏಳು ಗಂಟೆಗೆ ಎಂದು ಪ್ರಕಟಿಸಿ, ಸೇವಾಕರ್ತರು ಬರುವವರೆಗೆ ಎಂಟೂವರೆಯ ತನಕ ಕಾಯುವ ಪದ್ಧತಿ ಅನೇಕ ಕಡೆ ರೂಢಿಯಾಗಿದೆ. ಗರ್ಭಗುಡಿಯಲ್ಲಿ ಒದ್ದೆ ಮಡಿಯಲ್ಲಿ ನಿಂತವರ ಒಂದೂವರೆ ಗಂಟೆ ಹೀಗೆ ವ್ಯರ್ಥವಾಗುತ್ತದೆ. ಉತ್ಸವದ ವ್ಯವಸ್ಥಾಪಕರು ಪ್ರಕಟಿಸಿದ ವೇಳೆಗೆ ಪೂಜೆ ಆರಂಭಿಸುವರೆಂದು ಒಮ್ಮೆ ತಿಳಿದರೆ ಎಲ್ಲರೂ ವೇಳೆಗೆ ಬರುತ್ತಾರೆ.

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಬರೆಯುತ್ತೇನೆ. ಮಲಮೂತ್ರಗಳ ವೇಗವನ್ನು ತಡೆಯಬಾರದೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯವನ್ನೇ ಆರಂಭಿಸುತ್ತಾರೆ. ಮಡಿ ಕೆಡುತ್ತದೆ, ಮತ್ತೆ ಸ್ನಾನ ಮಾಡಬೇಕಾಗುತ್ತದೆ ಎಂದು ಅರ್ಚಕರೂ ಅಡಿಗೆಯವರೂ ಗಂಟೆಗಟ್ಟಲೆ ತಡೆಯುತ್ತಾರೆ. ಬಸ್ಸಿನಲ್ಲಿ ಓಡಾಡುವ ನಮ್ಮ ಶಿಕ್ಷಕಿಯರು ದಾರಿಯಲ್ಲಿ ಸೌಕರ್ಯವಿಲ್ಲವೆಂದು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಮೂತ್ರನಾಳದ ಸೋಂಕಿಗೂ ಮೂತ್ರಪಿಂಡದ ಕಲ್ಲಿಗೂ ನೀರು ಕಡಮೆ ಕುಡಿಯುವುದು ಒಂದು ಮುಖ್ಯ ಕಾರಣ. ದೇವಸ್ಥಾನದಲ್ಲಿ ಇನ್ನೊಂದು ಜೊತೆ ಮಡಿ ಬಟ್ಟೆ ಒಣಗಿಸಿ ಇಟ್ಟಿದ್ದರೆ, ಪೂಜೆಗಳ ನಡುವೆ ಹತ್ತು ನಿಮಿಷದ ವಿರಾಮವಿದ್ದರೆ ಈ ತೊಂದರೆ ನಿವಾರಣೆಯಾಗುತ್ತದೆ. ಆಚಾರಕ್ಕೆ ಇದರಿಂದ ಹಾನಿಯಿಲ್ಲ.

ಈಗ ಅತ್ಯಂತ ಎಚ್ಚರದಿಂದ ಹೇಳಬೇಕಾದ ವಿಷಯಕ್ಕೆ ಬರೋಣ. ಅದು ಏಕಾದಶಿಯ ಉಪವಾಸ. ಏಕಾದಶಿಯ ವಿಷಯದಲ್ಲಿ ನಮ್ಮ ಸಂಪ್ರದಾಯ ಬಲು ಕಟ್ಟುನಿಟ್ಟು. ಶ್ರೀಮದಾಚಾರ್ಯರ ಕೃಷ್ಣಾಮೃತಮಹಾರ್ಣವವನ್ನು ಓದಿದವರಿಗೆ ಅದರ ಮಹತ್ತ್ವವನ್ನು ಬೇರೆ ಹೇಳಬೇಕಾಗಿಲ್ಲ. ಆರೋಗ್ಯವಂತನಿಗೆ ಹದಿನೈದು ದಿನಕ್ಕೊಮ್ಮೆ ಬರುವ ಉಪವಾಸ ಭಾರವಲ್ಲ. ದಶಮಿಯ ಒಪ್ಪತ್ತು, ಏಕಾದಶಿಯ ನಿರಾಹಾರ, ದ್ವಾದಶಿಯ ಪಾರಣೆ ಎಂದು ಮೂರು ದಿನಗಳ ಮೇಲೆ ಹಿರಿಯರು ಅದನ್ನು ಹರಡಿರುವುದರಲ್ಲಿಯೇ ಒಂದು ಹದವಿದೆ. ದಶಮಿಯ ರಾತ್ರಿ ‘ನಾಳೆ ಉಪವಾಸ’ ಎಂದು ಹೊಟ್ಟೆ ಬಿರಿಯೆ ತಿನ್ನುವವರೂ, ದ್ವಾದಶಿಯ ಬೆಳಿಗ್ಗೆ ಬರಿಹೊಟ್ಟೆಗೆ ಕರಿದ ತಿಂಡಿ, ಹೋಳಿಗೆಗಳನ್ನು ತುಂಬುವವರೂ ಆ ಹದವನ್ನು ಕೆಡಿಸುತ್ತಾರೆ. ಪಾರಣೆಗೆ ಹಿರಿಯರು ಹೇಳಿದ್ದು ಅಗಸೆ ಸೊಪ್ಪು ಮತ್ತು ನೆಲ್ಲಿಕಾಯಿ. ಒಂದರಲ್ಲಿ ಸುಣ್ಣದ ಅಂಶ, ಇನ್ನೊಂದರಲ್ಲಿ ‘ಸಿ’ ಜೀವಸತ್ವ ಹೇರಳವಾಗಿವೆ.

ಆದರೆ ಮಧುಮೇಹಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುವವರ ಮಾತು ಬೇರೆ. ಸಕ್ಕರೆಯನ್ನು ತಗ್ಗಿಸುವ ಕೆಲವು ಮಾತ್ರೆಗಳನ್ನು ನುಂಗುವವರ ಮಾತೂ ಬೇರೆ. ಔಷಧವನ್ನು ತೆಗೆದುಕೊಂಡು ಆಹಾರವನ್ನು ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ತಾವಾಗಿಯೇ ಔಷಧವನ್ನು ಬಿಟ್ಟರೆ ಅದು ಏರಬಹುದು. ಬೆವರು, ಕೈನಡುಕ, ಎದೆಬಡಿತ, ಮಾತು ತೊದಲುವುದು, ಮಂಕು ಕವಿಯುವುದು ಇವು ಇಳಿತದ ಲಕ್ಷಣಗಳು. ಮನೆಯ ಯಂತ್ರದಲ್ಲಿ ನೋಡಿದಾಗ ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಆ ಗಳಿಗೆಯಲ್ಲಿ ತಿಥಿಯ ವಿಚಾರ ಮಾಡುತ್ತ ಕೂಡತಕ್ಕದ್ದಲ್ಲ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಒಡನೆ ಆಸ್ಪತ್ರೆಗೆ ಸಾಗಿಸಬೇಕು. ಮೂತ್ರಪಿಂಡದ ರೋಗವಿರುವವರು, ಗರ್ಭಿಣಿಯರು, ಬಾಣಂತಿಯರು ನೀರನ್ನೂ ಬಿಡುವುದು ಅಪಾಯಕರ.

ಶಾಸ್ತ್ರವು ಇದಕ್ಕೆ ಕುರುಡಾಗಿದೆಯೆ? ಇಲ್ಲ. ಏಕಾದಶಿಯ ಕಡ್ಡಾಯವನ್ನು ಎಂಟು ವರ್ಷ ದಾಟಿದವರಿಂದ ಎಂಬತ್ತು ತುಂಬದವರವರೆಗೆ ಎಂದು ಹೇಳುವಾಗಲೇ ದೇಹಶಕ್ತಿಯನ್ನು ಗಮನಿಸಿದಂತಾಯಿತು. ಮಹಾಭಾರತದ ಉದ್ಯೋಗಪರ್ವದಲ್ಲಿ ವ್ರತವನ್ನು ಕೆಡಿಸದ ಎಂಟು ವಸ್ತುಗಳ ಪಟ್ಟಿಯೊಂದಿದೆ. ನೀರು, ಗೆಡ್ಡೆ, ಹಣ್ಣು, ಹಾಲುಗಳ ಜೊತೆಗೆ ಗುರುವಿನ ಮಾತು ಮತ್ತು ಔಷಧ ಅದರಲ್ಲಿ ಸೇರಿವೆ. ಹೀಗಿರುವಾಗ ರೋಗಿಯಾದವನು ದಶಮಿಗೆ ಮೊದಲೇ ವೈದ್ಯರಲ್ಲಿ ಔಷಧದ ವಿಷಯವನ್ನು ಕೇಳಿ, ತನ್ನ ಗುರುಗಳಲ್ಲಿ ಅಥವಾ ಮಠದ ವಿದ್ವಾಂಸರಲ್ಲಿ ಅನುಕಲ್ಪವನ್ನು ಕೇಳಿ, ಅದರಂತೆ ನಡೆಯಬೇಕು. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಕೇಳಿದರೆ ಅರ್ಧ ಕೇಳಿದಂತೆ. ಅಜ್ಜಿ ತನ್ನ ಕಾಯಿಲೆಯನ್ನು ಮುಚ್ಚಿಟ್ಟು ಉಪವಾಸವಿರುವುದನ್ನು ಕಂಡರೆ ಮಕ್ಕಳು ಜಗಳವಾಡದೆ, ಗುರುಗಳಿಂದಲೇ ಹೇಳಿಸುವುದು ಉತ್ತಮ. ಅಜ್ಜಿಯಂದಿರು ಮಕ್ಕಳ ಮಾತನ್ನು ಕೇಳುವುದು ಅಪರೂಪ, ಗುರುಗಳ ಮಾತನ್ನು ಮೀರುವುದು ಇನ್ನೂ ಅಪರೂಪ.

ಚಾತುರ್ಮಾಸ್ಯದ ವಿಷಯ ಇಲ್ಲಿ ಸಂಕ್ಷೇಪವಾಗಿ ಸಾಕು. ಶಾಕವ್ರತದಲ್ಲಿ ತರಕಾರಿ ಇಲ್ಲವಾದರೂ ಬೇಳೆ, ಹಾಲು, ಮೊಸರುಗಳಿವೆ. ದ್ವಿದಳವ್ರತದಲ್ಲಿ ಬೇಳೆ ಇಲ್ಲವಾದರೂ ಹಾಲು ಮೊಸರುಗಳಿವೆ. ದಧಿವ್ರತದಲ್ಲಿ ಮಜ್ಜಿಗೆಗೆ, ಕ್ಷೀರವ್ರತದಲ್ಲಿ ಮೊಸರಿಗೆ ಅವಕಾಶವಿದೆ. ಒಂದನ್ನು ಬಿಟ್ಟಾಗ ಇನ್ನೊಂದನ್ನು ಸಾಕಷ್ಟು ತೆಗೆದುಕೊಳ್ಳಬೇಕು, ಅಷ್ಟೆ. ಸಸ್ಯಾಹಾರಿಗಳಿಗೆ ಬಿ-12 ಜೀವಸತ್ವವು ಮುಖ್ಯವಾಗಿ ಹಾಲು ಮೊಸರುಗಳಿಂದಲೇ ದೊರೆಯತಕ್ಕದ್ದು. ಮಧುಮೇಹಕ್ಕೆ ಬಹುಕಾಲ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸಿದವರಲ್ಲಿ ಇದು ಕಡಮೆಯಾಗುವುದುಂಟು. ಕಾಲು ಜೋಮು, ಮರೆವು, ಆಯಾಸ ಕಂಡರೆ ವೈದ್ಯರಲ್ಲಿ ಇದನ್ನು ಕೇಳಬೇಕು.

ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದುದು ನೀರು. ಚಿತ್ರದುರ್ಗ ಜಿಲ್ಲೆಯ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲವಣ ಮಿತಿಗಿಂತ ಹೆಚ್ಚಾಗಿದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತವೆ. ದೊಡ್ಡವರ ಬೆನ್ನು, ಕೀಲುಗಳು ಬಿಗಿಯುತ್ತವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಅದು ಗಟ್ಟಿಯಾಗುತ್ತದೆ. ‘ಶುದ್ಧನೀರಿನ ಘಟಕದ ನೀರು ಮಡಿಗಾಗದು’ ಎಂದು ಮನೆಯಂಗಳದ ಕೊಳವೆಬಾವಿಯ ನೀರನ್ನೇ ಅಡಿಗೆಗೂ ಕುಡಿಯಲಿಕ್ಕೂ ಬಳಸುವವರು ಆ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಬೇಕು. ವೇದಾವತಿಗೆ ಕಟ್ಟಿದ ವಾಣೀವಿಲಾಸ ಸಾಗರದ ನೀರು ನಲ್ಲಿಯಲ್ಲಿ ಬರುವ ಊರುಗಳವರಿಗೆ ಈ ಚಿಂತೆ ಕಡಮೆ. ನಮ್ಮ ಹಿರಿಯರು 1933ರಲ್ಲಿ ಕಂಡ ಆ ಮಾರಿಕಣಿವೆಯ ಕೋಡಿಯನ್ನು 2022ರಲ್ಲಿ ನಾವೂ ಕಂಡೆವು. ಮಳೆಯ ನೀರನ್ನು ಶುಚಿಯಾದ ತೊಟ್ಟಿಯಲ್ಲಿ ಹಿಡಿದಿಟ್ಟುಕೊಂಡರೆ ಫ್ಲೋರೈಡಿನ ಭಯವೂ ಇಲ್ಲ, ಮಡಿಗೂ ಅಡ್ಡಿಯಿಲ್ಲ.

ಧಾನ್ಯದ ವಿಷಯದಲ್ಲಿ ನಾವು ಭಾಗ್ಯವಂತರು. ಹೊಸದುರ್ಗ ಸೀಮೆಯ ಸಾವೆ, ಬಯಲುಸೀಮೆಯ ನವಣೆ, ರಾಗಿ ಇವನ್ನು ಹುಡುಕಿಕೊಂಡು ಪಟ್ಟಣದವರು ಬರುತ್ತಿದ್ದಾರೆ. ನಾವು ಮಾತ್ರ ಎರಡು ಹೊತ್ತೂ ಬಿಳಿಯನ್ನವನ್ನೇ ಉಣ್ಣುತ್ತೇವೆ. ನೈವೇದ್ಯಕ್ಕೆ ಯಾವುದು ಸಲ್ಲುತ್ತದೆಂಬುದು ಆಯಾ ಮನೆತನದ ಪದ್ಧತಿಗೆ ಬಿಟ್ಟದ್ದು. ರಾತ್ರಿಯ ಉಪಾಹಾರಕ್ಕಾದರೂ ಸಾವೆಯ ಉಪ್ಪಿಟ್ಟು ಆಗಬಾರದೇಕೆ? ಹೊಟ್ಟೆಯ ಅರ್ಧವನ್ನು ಅನ್ನಕ್ಕೆ, ಕಾಲು ಭಾಗವನ್ನು ನೀರಿಗೆ, ಉಳಿದ ಕಾಲನ್ನು ವಾಯುಸಂಚಾರಕ್ಕೆ ಬಿಡಬೇಕೆಂಬ ವಾಗ್ಭಟರ ಅಳತೆಯಂತೂ ಯಾವ ಧಾನ್ಯಕ್ಕೂ ಸಲ್ಲುತ್ತದೆ.

ಇನ್ನು ವ್ಯಾಯಾಮ. ‘ಆಚಾರವಂತರಿಗೆ ಕಸರತ್ತು ಏಕೆ’ ಎನ್ನುವವರು ಸುಮಧ್ವವಿಜಯವನ್ನು ಓದಬೇಕು. ಬಾಲಕ ವಾಸುದೇವನು ಓಟದಲ್ಲಿ, ಈಜಿನಲ್ಲಿ, ಮಲ್ಲಯುದ್ಧದಲ್ಲಿ ಒಡನಾಡಿಗಳನ್ನು ಮೀರಿಸಿದುದನ್ನು ನಾರಾಯಣ ಪಂಡಿತಾಚಾರ್ಯರು ವರ್ಣಿಸಿದ್ದಾರೆ. ಕಳಸದ ಬಳಿ ಭದ್ರಾನದಿಯಲ್ಲಿರುವ ಹೆಬ್ಬಂಡೆಯ ಮೇಲೆ, ಆಚಾರ್ಯರು ಅದನ್ನು ಒಂದೇ ಕೈಯಿಂದ ತಂದಿರಿಸಿದರೆಂದು ಕೆತ್ತಿದ ಶಾಸನವನ್ನು ಯಾತ್ರಿಕರು ಇಂದಿಗೂ ನೋಡುತ್ತಾರೆ.

ನಮ್ಮ ಜಿಲ್ಲೆಯಲ್ಲಿಯೇ, ನಮಗೆ ಸಮೀಪಕಾಲದಲ್ಲಿ ಬಾಳಿದ ನಿದರ್ಶನವೂ ಉಂಟು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿದ ಶ್ರೀ ರಾಘವೇಂದ್ರ ಸ್ವಾಮೀಜಿಯವರು ನೂರು ವರ್ಷ ದಾಟಿ ಬಾಳಿ 1996ರಲ್ಲಿ ಕಾಲವಾದರು. ಅವರಿಗಿಂತ ಬಿಡುವಿಲ್ಲದವರು ಯಾರು? ಆಶ್ರಮದ ಆಡಳಿತ, ವಿದ್ಯಾಸಂಸ್ಥೆ, ರೋಗಿಗಳಿಗೆ ಆಯುರ್ವೇದ ಚಿಕಿತ್ಸೆ, ಊರೂರು ಸುತ್ತಿ ಯೋಗಾಸನ ಶಿಬಿರ, ಜೋಳಿಗೆ ಹಿಡಿದು ಧನಸಂಗ್ರಹ. ಇಷ್ಟರ ನಡುವೆ ‘ತಿರುಕ’ ಎಂಬ ಹೆಸರಿನಲ್ಲಿ ಗ್ರಂಥರಚನೆ. ಅವರ ಶಿಬಿರಗಳಲ್ಲಿ ಕಲಿತ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅಂಥವರಲ್ಲಿ ಒಬ್ಬರನ್ನು ವಿಚಾರಿಸಿದಾಗ, ಎಂಬತ್ತರ ಹತ್ತಿರದ ಆ ವೃದ್ಧರು ‘ಸಂಧ್ಯಾವಂದನೆಗೆ ಮೊದಲು ಹನ್ನೆರಡು ಸೂರ್ಯನಮಸ್ಕಾರ, ಇಷ್ಟೇ’ ಎಂದರು. ಹನ್ನೆರಡು ನಮಸ್ಕಾರಗಳಿಗೆ ಹತ್ತು ನಿಮಿಷ ಬೇಕಾಗದು. ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂಬುದು ಆಯುರ್ವೇದದ ಮಾತು. ಹಣೆಯಲ್ಲಿ ಬೆವರು ಮೂಡಿದೊಡನೆ ನಿಲ್ಲಿಸಬಹುದು. ಮಂಡಿನೋವು, ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ನಡಿಗೆಯನ್ನೇ ಹಿಡಿಯುವುದು ಲೇಸು.

ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿರಿಯೂರಿನಿಂದಲೋ ಹೊಳಲ್ಕೆರೆಯಿಂದಲೋ ನಿತ್ಯ ಚಿತ್ರದುರ್ಗಕ್ಕೆ ಓಡಾಡುವ ನೌಕರನು ಬಸ್ಸು ನಿಲ್ದಾಣಕ್ಕೆ ಹೋಗುವಾಗ ಹದಿನೈದು ನಿಮಿಷ, ಬರುವಾಗ ಹದಿನೈದು ನಿಮಿಷ ಆಟೋ ಹತ್ತದೆ ನಡೆದರೆ ಐದು ದಿನಕ್ಕೆ ಲೆಕ್ಕ ಸರಿಯಾಗುತ್ತದೆ. ಆಟೋ ಬಾಡಿಗೆಯೂ ಉಳಿಯುತ್ತದೆ. ಕುಳಿತೇ ಜಪ, ಪಾರಾಯಣ ಮಾಡುವವರು ಗಂಟೆಗೊಮ್ಮೆ ಎದ್ದು ದೇವರಿಗೆ ನಾಲ್ಕು ಪ್ರದಕ್ಷಿಣೆ ಬಂದರೆ ಕಾಲುಗಳಿಗೆ ರಕ್ತಸಂಚಾರ ಚೆನ್ನಾಗಿ ಆಗುತ್ತದೆ.

ಕೊನೆಯದಾಗಿ ನಿದ್ರೆ. ಪಾಠಶಾಲೆಯಲ್ಲಿ ನಮಗೆ ರಾತ್ರಿ ಏಳೂವರೆಗೆ ಊಟ, ಒಂಬತ್ತೂವರೆಗೆ ದೀಪ ಆರುತ್ತಿತ್ತು. ನಾಲ್ಕೂವರೆಗೆ ಏಳುವುದು ಯಾರಿಗೂ ಕಷ್ಟವೆನಿಸಲಿಲ್ಲ. ಬಿ.ಎ. ತರಗತಿಗೆ ಸೇರಿದಾಗ ಕೊಠಡಿಯ ಗೆಳೆಯರು ಒಂದು ಗಂಟೆಗೆ ಮಲಗಿ, ಬೆಳಿಗ್ಗೆ ಏಳಲಾರದೆ ನರಳುವುದನ್ನು ಕಂಡೆ. ಈಗ ಮನೆಮನೆಯಲ್ಲಿಯೂ ಅದೇ ಆಗಿದೆ. ಟಿ.ವಿ. ಮುಗಿದು ಒಂಬತ್ತೂವರೆಗೆ ಊಟ, ಹನ್ನೊಂದೂವರೆಯವರೆಗೆ ಮೊಬೈಲು, ಆಮೇಲೆ ಮಲಗಿ ಐದಕ್ಕೆ ಎದ್ದು ಮಡಿಯುಡುವುದು. ಉಂಡೊಡನೆ ಮಲಗಿದರೆ ಹುಳಿತೇಗು, ಎದೆಯುರಿ. ಐದೂವರೆ ಗಂಟೆ ಮಾತ್ರ ಮಲಗಿದರೆ ಮರುದಿನ ಜಪದಲ್ಲಿ ತೂಕಡಿಕೆ. ವಯಸ್ಕರಿಗೆ ಏಳು ಗಂಟೆಯ ನಿದ್ರೆಯಾದರೂ ಬೇಕೆಂಬುದು ವೈದ್ಯರ ಮಾತು. ಬೆಳಿಗ್ಗೆ ಏಳುವ ಹೊತ್ತನ್ನು ನಮ್ಮ ಆಚಾರ ಗೊತ್ತುಮಾಡಿರುವುದರಿಂದ, ಮಲಗುವ ಹೊತ್ತನ್ನು ಲೆಕ್ಕ ಮಾಡಿಯೇ ತಿಳಿಯಬಹುದು. ಐದಕ್ಕೆ ಏಳುವವನು ಹತ್ತಕ್ಕೆ ಮಲಗಿರಬೇಕು, ಎಂಟಕ್ಕೆ ಉಂಡಿರಬೇಕು. ಧನುರ್ಮಾಸದಲ್ಲಿ ನಾಲ್ಕಕ್ಕೆ ಏಳುವವನು ಒಂಬತ್ತಕ್ಕೆ. ಬರುವ ಧನುರ್ಮಾಸದ ಪೂಜೆಗೆ ಹೆಸರು ಕೊಡುವ ಮನೆಗಳವರು ಹುಗ್ಗಿಯ ಸಾಮಾನಿನ ಚೀಟಿಯ ಜೊತೆಗೇ ರಾತ್ರಿಯ ಊಟದ ವೇಳೆಯನ್ನೂ ಬರೆದಿಟ್ಟುಕೊಳ್ಳಲಿ.